ಬಲಮಗ್ಗುಲಿನ ತುಕ್ಕು

ನಂದಿಯ ನರಸಿಂಹಪ್ಪನವರ ಮನೆಯಲ್ಲಿ ಒಂದು ರಿವಾಲ್ವರ್ ಇತ್ತು. ಅವರಪ್ಪನ ಕಾಲದ್ದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ಹಿರಿಮಗನ ಹೆಸರಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅದರಿಂದ ಒಂದು ಗುಂಡೂ ಹಾರಿರಲಿಲ್ಲ. ಊರಿನಲ್ಲಿ ಗುಂಡು ಹಾಕುವವರಿಗೇನೂ ಬರವಿರಲಿಲ್ಲ, ಹಾರಿಸುವ ಸಂದರ್ಭ ಮಾತ್ರ ಬಂದಿರಲಿಲ್ಲ. ಬೀರುವಿನಿಂದ ಅದು ಹೊರಗೆ ಬರುತ್ತಿದ್ದುದು ಎಲೆಕ್ಷನ್ ಹೊತ್ತಿಗೆ ಠಾಣೆಯಲ್ಲಿ ಜಮಾ ಆಗಲು, ಇಲ್ಲವೇ ಆಯುಧಪೂಜೆಯ ದಿನ ಟ್ರ್ಯಾಕ್ಟರು, ಸ್ಪ್ರೇ ಪಂಪು, ದ್ರಾಕ್ಷಿ ಕತ್ತರಿಗಳ ಸಾಲಿನಲ್ಲಿ ಕೂತು ಕುಂಕುಮ ಇಡಿಸಿಕೊಳ್ಳಲು. ಆ ಸಾಲಿನಲ್ಲಿ ವರ್ಷವಿಡೀ ಏನೂ ಕೆಲಸ ಮಾಡದೆ ಪೂಜೆ ಮಾಡಿಸಿಕೊಳ್ಳುತ್ತಿದ್ದುದು ಅದೊಂದೇ.

ನರಸಿಂಹಪ್ಪ ಐವತ್ತೆಂಟರ ಮನುಷ್ಯ. ಮೂರೆಕರೆ ದ್ರಾಕ್ಷಿ ತೋಟ, ಮಕ್ಕಳಿಲ್ಲ. ಹದಿನೈದು ವರ್ಷ ಚಿಕ್ಕವನಾದ ತಮ್ಮ ತಿರುಮಲೇಶನೇ ಮಗನ ಲೆಕ್ಕ. ಬೀರುವಿನ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಹೆಂಡತಿ ಅಮ್ಮಾಜಮ್ಮನ ಸೆರಗಿನ ಗಂಟಿಗೆ ಒಪ್ಪಿಸಿದರೆ ಅವರ ದಿನ ಮುಗಿಯುತ್ತಿತ್ತು. ಬೆಳಗಾದರೆ ನಂದಿ ಸ್ಟೇಷನ್ ಮುಂದಿನ ಅಂಗಡಿಯ ಬೆಂಚಿನಲ್ಲಿ ಬಯ್ಯಪ್ಪನ ಜೊತೆ ಕಾಫಿ. ಬಯ್ಯಪ್ಪನದು ಪಕ್ಕದ ತೋಟ, ಮೂವತ್ತು ವರ್ಷದ ಸ್ನೇಹ. ಆದರೆ ಹೋದ ಸಂಕ್ರಾಂತಿ ಕಳೆದ ಮೇಲೆ ಬಯ್ಯಪ್ಪ ಬೆಂಚಿಗೆ ಬರುವುದನ್ನು ಬಿಟ್ಟಿದ್ದ. ತೋಟವನ್ನೂ ಲೇಔಟಿನವರಿಗೆ ಮಾರಿಬಿಟ್ಟಿದ್ದ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ ಅದು; ಸುತ್ತಲಿನ ಜಮೀನುಗಳೆಲ್ಲ ಹಾರುತ್ತಿದ್ದವು. ದುಡ್ಡು ಬಂದವನಿಗೆ ಅಂಗಡಿ ಕಾಫಿ ರುಚಿಸದು ಅಂದುಕೊಂಡು ನರಸಿಂಹಪ್ಪ ಒಬ್ಬರೇ ಕುಡಿಯುವುದನ್ನು ರೂಢಿ ಮಾಡಿಕೊಂಡಿದ್ದರು.

ಆ ಸಲದ ಆಯುಧಪೂಜೆಯಲ್ಲಿ ಬಟ್ಟೆ ಬಿಚ್ಚಿ ನೋಡಿದರೆ ರಿವಾಲ್ವರಿಗೆ ತುಕ್ಕು.

"ಹೋದ ವರ್ಷವೂ ಹಿಂಗೇ ಆಗಿತ್ತು. ಕುಂಕುಮ ಕಲಸೋವಾಗ ಅಷ್ಟೊಂದು ನೀರು ಸುರೀಬೇಡ ಕಣೇ ಅಂತ ಬಡ್ಕೊಂಡೆ" ಎಂದು ಹೆಂಡತಿಯ ಮೇಲೆ ಹರಿಹಾಯ್ದರು.

ಅಮ್ಮಾಜಮ್ಮ ಸುಮ್ಮನೆ ತಲೆ ತಗ್ಗಿಸಿದರು. ಸಾರಿಗೆ ಉಪ್ಪು ಹೆಚ್ಚಾದರೆ ಅದು ಉಪ್ಪಿನದೇ ತಪ್ಪು ಎಂದು ವಾದಿಸುವ ಹೆಂಗಸು, ಈ ಒಂದು ವಿಷಯದಲ್ಲಿ ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡು ಬೈಸಿಕೊಳ್ಳುತ್ತಿದ್ದರು. ನರಸಿಂಹಪ್ಪನವರು ಅದನ್ನು ತಮ್ಮ ಗದರಿಕೆಯ ಗೆಲುವು ಎಂದೇ ಭಾವಿಸಿದ್ದರು.

"ಅತ್ತಿಗೇನ ಯಾಕಣ್ಣ ಬೈತೀಯ?" ಎಂದ ತಿರುಮಲೇಶ. "ಸೆರಾಮಿಕ್ ಕೋಟಿಂಗ್ ಅಂತ ಬಂದೈತೆ. ಒಂದ್ಸಲ ಮಾಡಿಸಿದ್ರೆ ನೀರು, ಬೆವರು ಏನೂ ಹತ್ತಲ್ಲ. ಖರ್ಚು ನಂದು."

ಮನೆಯ ವಸ್ತುವಿಗೆ ತಮ್ಮ ತಾನಾಗಿ ಖರ್ಚು ಮಾಡುತ್ತೇನೆ ಅಂದದ್ದು ಅದೇ ಮೊದಲು. ನರಸಿಂಹಪ್ಪನವರ ಕಣ್ಣು ಒದ್ದೆಯಾಯಿತು.

ವಾರದ ಬಳಿಕ ಲೈಸೆನ್ಸು ಪುಸ್ತಕ, ರಿವಾಲ್ವರು ಎರಡನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಚಿಂತಾಮಣಿಗೆ ಹೋದರು. ಅಲ್ಲಿ ಆವಲಪ್ಪನ ಬಂದೂಕು ರಿಪೇರಿ ಅಂಗಡಿ. ಆವಲಪ್ಪ "ಏಂ ಸ್ವಾಮೀ, ಇನ್ನಾಳ್ಳಕಿ ವಚ್ಚಿನಾರಾ!" ಎಂದು, ಇಷ್ಟು ದಿನಕ್ಕೆ ಬಂದಿರಾ ಎನ್ನುವುದನ್ನು ತೆಲುಗಿನಲ್ಲಿ ಕೇಳಿ ಕೂರಿಸಿ, ಕನ್ನಡದಲ್ಲಿ ವ್ಯಾಪಾರಕ್ಕಿಳಿದ.

"ಸೆರಾಮಿಕ್ ತಾನೆ? ಒಳ್ಳೇದು ಸ್ವಾಮಿ. ನಾವು ಮಾಡಲ್ಲ, ಬೆಂಗಳೂರಿಗೆ ಕಳಿಸ್ತೀವಿ. ಹಳೇ ಬಣ್ಣ ಪೂರಾ ಕೆರೆದು ತೆಗೆದು, ಸ್ಪ್ರೇ ಹೊಡೆದು, ಒಲೇಲಿ ರೊಟ್ಟಿ ಬೇಯಿಸಿದಂಗೆ ಬೇಯಿಸ್ತಾರೆ. ಕಾಗದದಷ್ಟು ತೆಳು, ಆದ್ರೆ ಉಗುರಲ್ಲಿ ಕೆರೆದ್ರೂ ಬರಲ್ಲ. ಪದೇ ಪದೇ ಎಣ್ಣೆ ಹಚ್ಚೋ ಗೋಳಿಲ್ಲ, ಬಿಸಿಲಿಗೆ ಮಿಂಚಲ್ಲ. ಎಲ್ಲಕ್ಕಿಂತ ಮುಖ್ಯ ಬೆವರು. ಮನುಷ್ಯನ ಬೆವರಲ್ಲಿ ಉಪ್ಪು ಇರ್ತೈತೆ ನೋಡಿ, ಉಕ್ಕನ್ನ ಅದು ತಿಂದಂಗೆ ಮಳೆನೂ ತಿನ್ನಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋರಿಗಂತೂ ವರ."

"ನಮ್ಮದು ಬೀರುವಿನಲ್ಲೇ ಇರೋದಪ್ಪ. ಕುಂಕುಮದ ನೀರಿಂದ ಹಿಂಗಾಗಿದೆ."

ಆವಲಪ್ಪ ಬಟ್ಟೆ ಬಿಡಿಸಿ, ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ರಿವಾಲ್ವರನ್ನು ಬೆಳಕಿಗೆ ಹಿಡಿದ. ಒಂದು ಮಗ್ಗುಲು ನೋಡಿದ. ಹೊರಳಿಸಿ ಇನ್ನೊಂದು ಮಗ್ಗುಲು ನೋಡಿದ.

"ಕುಂಕುಮ ಎರಡು ಕಡೆಗೂ ಇಡ್ತೀರಾ?"

"ಒಂದೇ ಬೊಟ್ಟು. ಹಿಡಿ ಮೇಲೆ."

"ಹಿಡಿ ಚೆನ್ನಾಗೇ ಐತೆ ಸ್ವಾಮಿ. ಎಡಮಗ್ಗುಲು ಕನ್ನಡಿ ಇದ್ದಂಗೈತೆ. ಬಲಮಗ್ಗುಲು ನೋಡಿ, ಗುಂಡು ತುಂಬೋ ಚಕ್ರದಿಂದ ನಳಿಗೆವರೆಗೂ ತಿಂದುಹಾಕೈತೆ. ಬೀರುವಿನಲ್ಲಿದ್ದ ತುಕ್ಕು ಹಿಂಗೆ ಒಂದು ಮಗ್ಗುಲು ಆರಿಸ್ಕೊಳ್ಳಲ್ಲ. ಇದು ಮೈಗೆ ಒತ್ತಿದ ಗುರುತು. ಯಾರೋ ಬನಿಯನ್ ಒಳಗೆ ಸಿಕ್ಕಿಸ್ಕೊಂಡು ಬಿಸಿಲಲ್ಲಿ ತಿರುಗಿದ್ದಾರೆ."

"ನಾನು ಒಂದು ದಿನವೂ ಸೊಂಟಕ್ಕೆ ಹಾಕಿದವನಲ್ಲ."

"ನೀವಲ್ಲ ಅಂತ ನಂಗೂ ಗೊತ್ತು. ನೀವು ಬಲಗೈನೋರು, ಬಲಕ್ಕೆ ಸಿಕ್ಕಿಸ್ತೀರ. ಆಗ ಎಡಮಗ್ಗುಲು ಹೊಟ್ಟೆಗೆ ತಾಗಬೇಕಿತ್ತು. ಇದನ್ನ ಎಡ ಸೊಂಟದಲ್ಲಿ ಇಟ್ಟವನು ಎಡಚ."

ನರಸಿಂಹಪ್ಪ ರಿವಾಲ್ವರನ್ನು ಕೈಗೆ ತೆಗೆದುಕೊಂಡು ಬಲಮಗ್ಗುಲನ್ನು ನೋಡಿದರು. ಅವರ ಮನೆಯಲ್ಲಿ ಎಡಚ ಒಬ್ಬನೇ. ಚಿಕ್ಕಂದಿನಲ್ಲಿ ತಿರುಮಲೇಶ ಎಡಗೈಯಲ್ಲಿ ಉಣ್ಣುತ್ತಾನೆಂದು ಅವ್ವ ಆ ಕೈಯನ್ನು ಟವಲಿನಿಂದ ಬೆನ್ನಿಗೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಅವಳು ಅತ್ತ ಹೋದೊಡನೆ ಗಂಟು ಬಿಚ್ಚುತ್ತಿದ್ದವರು ನರಸಿಂಹಪ್ಪನವರೇ.

"ಕೋಟಿಂಗಿಗೆ ಕಳಿಸಲಾ ಸ್ವಾಮಿ? ಆಮೇಲೆ ಇಂಥ ಗುರುತು ಬೀಳೋದೇ ಇಲ್ಲ."

"ಅದಕ್ಕೇ ಬೇಡ ಆವಲಪ್ಪ" ಎಂದರು. "ಇಪ್ಪತ್ತಾರು ವರ್ಷಕ್ಕೆ ಇದು ಒಂದು ಮಾತಾಡಿದೆ. ಬಾಯಿ ಮುಚ್ಚಿಸೋದು ಬೇಡ."

ಬರುವಾಗ ಶಿಡ್ಲಘಟ್ಟದಲ್ಲಿ ಯಾರು ಹತ್ತಿದರು, ಯಾರು ಇಳಿದರು ಗೊತ್ತಾಗಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ನಿಂತಾಗ ಎದುರಿಗೆ ತಮ್ಮನ ಹುಟ್ಟುಹಬ್ಬದ ಫ್ಲೆಕ್ಸು ಕಂಡಿತು. ಅವನು ಜಮೀನು ಕೊಡಿಸುತ್ತಿದ್ದ ಲೇಔಟಿನವರು ಹಾಕಿಸಿದ್ದು. ಆ ಫ್ಲೆಕ್ಸನ್ನು ಅವರು ಎಷ್ಟೋ ಸಲ ಹೆಮ್ಮೆಯಿಂದ ನೋಡಿದ್ದರು. ಬಿಳಿ ಅಂಗಿ ಎಡ ಸೊಂಟದ ಬಳಿ ಉಬ್ಬಿದ್ದುದನ್ನು ಮೊಬೈಲು ಅಂದುಕೊಂಡಿದ್ದರು.

ಮನೆಗೆ ಬಂದಾಗ ತಿರುಮಲೇಶ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ.

"ಕೊಟ್ಟು ಬಂದ್ಯೇನಣ್ಣ?"

ನರಸಿಂಹಪ್ಪ ರಿವಾಲ್ವರನ್ನು ಬಲಮಗ್ಗುಲು ಮೇಲೆ ಮಾಡಿ ಅವನ ಮುಂದಿಟ್ಟರು. "ಆವಲಪ್ಪ ನಿನ್ನ ಕೇಳ್ದ. ನಿನ್ನನ್ನ ನೋಡದೇನೇ ನೀನು ಎಡಚ ಅಂದ."

ಕಡಲೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. ಒಳಗಿನಿಂದ ಬಂದ ಅಮ್ಮಾಜಮ್ಮ ಬಾಗಿಲಲ್ಲೇ ನಿಂತರು. ಅವರ ಬಲಗೈ ಸೆರಗಿನ ಗಂಟನ್ನು ಹಿಡಿದುಕೊಂಡಿತು.

"ಸುಮ್ನೆ ಶೋಗೆ ಅಣ್ಣ. ಗುಂಡಿರಲಿಲ್ಲ, ದೇವರಾಣೆ. ಸೊಂಟದಲ್ಲಿ ಒಂದಿದ್ರೆ ಜನ ಮಾತು ಕೇಳ್ತಾರೆ ಅಷ್ಟೇ."

"ಯಾರು ಕೇಳಿದ್ರು?"

"ಅಂಗೇ... ಜಮೀನಿನೋರು."

"ಹೆಸರು ಹೇಳೋ."

ತಿರುಮಲೇಶ ಸಿಪ್ಪೆಗಳನ್ನು ನೋಡುತ್ತ ಹೇಳಿದ: "ಬಯ್ಯಪ್ಪಣ್ಣ. ತೋಟದ ಪತ್ರಕ್ಕೆ ಸೈನ್ ಹಾಕೋಕೆ ಒಪ್ತಿರಲಿಲ್ಲ. ತೆಗೆದು ಟೇಬಲ್ ಮೇಲೆ ಇಟ್ಟೆ. ಅಷ್ಟೇ ಅಣ್ಣ. ಬೆರಳೂ ತಾಗಿಸಲಿಲ್ಲ."

"ನನ್ನ ಗನ್ನು ಅಂತ ಅವನಿಗೆ ಗೊತ್ತು."

"ಅದಕ್ಕೇ ಸೈನ್ ಮಾಡಿದ್ದು."

ನರಸಿಂಹಪ್ಪ ಹೆಂಡತಿಯ ಕಡೆ ತಿರುಗಿದರು. "ನೀನು?"

"ಫೋಟೋ ತೆಗೆಸ್ಕೋಬೇಕು ಅತ್ತಿಗೆ ಅಂದ ರೀ, ಮೊದಲ ಸಲ" ಎಂದರು ಅಮ್ಮಾಜಮ್ಮ. "ಆಮೇಲೆ ನಿಮಗೆ ಹೇಳೋಕೆ ಹೆದರಿಕೆ ಆಯ್ತು. ಅದಕ್ಕೇ ಅಲ್ವಾ ಬೈಸ್ಕೊಂಡು ಸುಮ್ಮನಿದ್ದೆ."

ಬೀಗದ ಕೈ ಕೊಟ್ಟವಳು ಹೆಂಡತಿ, ಕೈ ಕೊಟ್ಟವನು ತಮ್ಮ. ಮೂರು ಸಲ ಜಗ್ಗಿ ನೋಡುತ್ತಿದ್ದ ಬೀಗದ ಬಗ್ಗೆ ನೆನೆದು ನರಸಿಂಹಪ್ಪನವರಿಗೆ ನಗು ಬಂತು. ಅದು ಅರ್ಧಕ್ಕೇ ಕೆಮ್ಮಾಯಿತು.

ಮಾರನೆಯ ದಿನ ರಿವಾಲ್ವರನ್ನು ಠಾಣೆಗೆ ಒಯ್ದರು.

"ಈಗ ಎಲೆಕ್ಷನ್ ಇಲ್ವಲ್ಲ ಸ್ವಾಮಿ" ಎಂದ ರೈಟರು.

"ನಮ್ಮ ಮನೇಲಿ ಮುಗೀತು. ನಾನು ಸೋತೆ. ಲೈಸೆನ್ಸೂ ಬೇಡ, ಬರ್ಕೊಳ್ಳಿ."

ರಸೀದಿ ಮಡಚಿಕೊಂಡು ನೇರ ಬಯ್ಯಪ್ಪನ ಮನೆಗೆ ಹೋದರು. ಬಯ್ಯಪ್ಪ ಹಿತ್ತಲಲ್ಲಿ ನಾಲ್ಕು ಬದನೆ ಗಿಡಕ್ಕೆ ನೀರು ಹಾಕುತ್ತಿದ್ದ. ಈಗ ಅವನಿಗೆ ಉಳಿದಿದ್ದ ಬೇಸಾಯ ಅಷ್ಟೇ. ನರಸಿಂಹಪ್ಪ ಎಲ್ಲವನ್ನೂ ಹೇಳಿದರು. ಎಡಗೈ, ಬಲಮಗ್ಗುಲು, ಸೆರಗಿನ ಗಂಟು, ಯಾವುದನ್ನೂ ಬಿಡಲಿಲ್ಲ. ಬಯ್ಯಪ್ಪ ರಸೀದಿಯನ್ನು ಎರಡು ಸಲ ಓದಿ ವಾಪಸು ಕೊಟ್ಟ.

"ನೀನೇ ಕಳಿಸಿದ್ದೆ ಅಂದ್ಕೊಂಡಿದ್ದೆ ಕಣಯ್ಯಾ ನರಸಿಂಹ. ಇಲ್ಲ ಅಂತೀಯ, ನಂಬ್ತೀನಿ."

"ಹಂಗಾದ್ರೆ ನಾಳೆ ಬೆಂಚಿಗೆ..."

"ತಾಳು." ಬಯ್ಯಪ್ಪ ತಂಬಿಗೆ ಕೆಳಗಿಟ್ಟ. "ಸಂಕ್ರಾಂತಿಯಿಂದ ನಾನು ಬರ್ಲಿಲ್ಲ. ಒಂಬತ್ತು ತಿಂಗಳು. ನಿನ್ನ ಮನೆಗೂ ನನ್ನ ಮನೆಗೂ ಎಷ್ಟು ದೂರ? ಯಾಕೋ ಬಯ್ಯ, ಯಾಕೆ ಬರ್ತಿಲ್ಲ ಅಂತ ಒಂದು ಸಲ ಬಂದು ಕೇಳಿದ್ಯಾ? ಕೇಳಿದ್ರೆ ಅವತ್ತೇ ಹೇಳಿರ್ತಿದ್ದೆ. ನೀನು ಕೇಳ್ದೇ ಇದ್ದಿದ್ದಕ್ಕೇ ನೀನೇ ಕಳಿಸಿದ್ದು ಅಂತ ಖಾತ್ರಿ ಮಾಡ್ಕೊಂಡೆ."

ನರಸಿಂಹಪ್ಪನವರ ಬಳಿ ಇದಕ್ಕೆ ರಸೀದಿ ಇರಲಿಲ್ಲ.

ಮಾರನೆಯ ಬೆಳಗ್ಗೆ ಅವರು ಎಂದಿನಂತೆ ಬೆಂಚಿಗೆ ಹೋದರು. ಅಂಗಡಿಯವನು ಒಂದು ಲೋಟ ತಂದಿಟ್ಟ. ಅವರು ಅದನ್ನು ಮುಟ್ಟದೆ ಬಯ್ಯಪ್ಪನ ಮನೆಯ ದಾರಿ ನೋಡುತ್ತ ಕೂತರು. ರೈಲು ಬಂತು, ಹೋಯಿತು. ಕಾಫಿಯ ಮೇಲೆ ಕೆನೆ ಕಟ್ಟಿತು.