ಚೆನ್ನಾಗಿಲ್ಲ ಎನ್ನಬಲ್ಲವರ ಹುಡುಕಾಟ

1998ರಲ್ಲಿ ನಾನು ಮೈಸೂರಿನ ಒಬ್ಬ ಸಿನಿಮಾ ವಿತರಕರ ಬಳಿ ರೆಪ್ರೆಸೆಂಟೇಟಿವ್ ಆಗಿದ್ದೆ. ಸಿನಿಮಾ ಪ್ರಿಂಟಿನ ರೀಲ್ ಡಬ್ಬಗಳ ಜೊತೆ ಊರೂರಿಗೆ ಹೋಗಿ ಟಾಕೀಸಿನ ಕಲೆಕ್ಷನ್ ನೋಡುವುದು, ಸಿನಿಮಾ ಮುಂದುವರಿಸಬೇಕೋ ಎತ್ತಂಗಡಿ ಮಾಡಬೇಕೋ ಎಂದು ನಮ್ಮ ಮಾಲೀಕರಿಗೆ ಫೋನಿನಲ್ಲಿ ತಿಳಿಸುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ನಂಜನಗೂಡಿಗೆ ತಂದ ಸಿನಿಮಾದಲ್ಲಿ ಹೆಸರಾದ ನಟರು ಯಾರೂ ಇರಲಿಲ್ಲ. ಅತ್ತೆ ಸೊಸೆ ಸೇರಿ ಕ್ಯಾಂಟೀನ್ ನಡೆಸುವ ಕಥೆ. ಪತ್ರಿಕೆಗಳು ಸಪ್ಪೆ ಎಂದು ಬರೆದಿದ್ದವು. ಭಾನುವಾರವೂ ಅರ್ಧ ಹಾಲ್ ತುಂಬಲಿಲ್ಲ. ಎತ್ತಿಬಿಡುವುದೇ ವಾಸಿ ಎಂದು ಮಾಲೀಕರಿಗೆ ಹೇಳಿಯೂ ಆಗಿತ್ತು.

ಸೋಮವಾರದ ಮ್ಯಾಟಿನಿಗೆ ನೋಡಿದರೆ ಹೆಂಗಸರ ಸಾಲು ಗೇಟು ದಾಟಿ ರಸ್ತೆಗೆ ಬಂದಿದೆ! ನಿಮಗೆ ಯಾರು ಹೇಳಿದರು ಎಂದು ಸಾಲಿನುದ್ದಕ್ಕೂ ಕೇಳುತ್ತಾ ಹೋದೆ. ಒಬ್ಬರು ಅಂಗನವಾಡಿ ಟೀಚರ್ ಎಂದರು. ಮತ್ತೊಬ್ಬರು ಫ್ಯಾಕ್ಟರಿಯಲ್ಲಿ ಜೊತೆಗೆ ಪ್ಯಾಕಿಂಗ್ ಮಾಡುವವಳು ಎಂದರು. ಪಕ್ಕದ ಊರು ಕಳಲೆಯಿಂದ ಬಂದಿದ್ದವರಿಗೆ ನಾದಿನಿ ಹೇಳಿದ್ದಳಂತೆ. ಪತ್ರಿಕೆಯ ಮಾತನ್ನು ಯಾರೂ ಎತ್ತಲಿಲ್ಲ. ಪ್ರತಿಯೊಬ್ಬರಿಗೂ ಅವರವರದೇ ವಿಮರ್ಶಕರಿದ್ದರು. ಎಸ್‌ಟಿಡಿ ಬೂತಿಗೆ ಓಡಿದೆ, ಸಿನಿಮಾ ಉಳಿಯಿತು.

ಮುಂದೆ ಅದೇ ಪ್ರಿಂಟ್ ತಿ. ನರಸೀಪುರಕ್ಕೆ ಹೋಗಬೇಕಿತ್ತು. ನಂಜನಗೂಡಿನಲ್ಲಿ ತಾನಾಗಿ ಆದದ್ದನ್ನು ಅಲ್ಲಿ ಮೊದಲ ದಿನವೇ ಶುರು ಮಾಡಿಸಿದರೆ ಹೇಗೆ ಎಂಬ ಹುರುಪು ನನಗೆ. ಸಿನಿಮಾ ವಿಷಯದಲ್ಲಿ ಯಾರ ಮಾತು ಕೇಳುತ್ತೀರಿ ಎಂದು ಬೀದಿ ಬೀದಿ ವಿಚಾರಿಸಿ, ಹಾಗೆ ಹೆಸರು ಬಂದವರನ್ನೆಲ್ಲ ಶುಕ್ರವಾರದ ಮೊದಲ ಆಟಕ್ಕೆ ಕರೆದೆ. ಬಸ್ ಸ್ಟ್ಯಾಂಡ್ ಹಿಂದೆ ಬ್ಲೌಸ್ ಹೊಲಿಯುತ್ತಿದ್ದ ಮಾದೇವಮ್ಮ ಅವರಲ್ಲೊಬ್ಬರು.

ಟಾಕೀಸಿನ ಮ್ಯಾನೇಜರ್ ಶಿವಣ್ಣನವರಿಗೆ ಇದು ಹಿಡಿಸಲಿಲ್ಲ. "ಇವ್ರೇ ಚೆನ್ನಾಗಿಲ್ಲ ಅಂದ್ಬುಟ್ರೆ ಅಲ್ಲಿಗೆ ಮುಗೀತು ಕಣ್ರೀ," ಎಂದರು.

ಆಟ ಮುಗಿದ ಮೇಲೆ ಮಾದೇವಮ್ಮನವರನ್ನೇ ಮೊದಲು ಕೇಳಿದೆ.

"ಮೊದ್ಲು ಚೆಂದಾಗದೆ ಸಾ. ಇಂಟರ್‌ವಲ್ ಆದ್ಮೇಲೆ ಎಳುದ್ಬುಟ್ಟವ್ರೆ. ಕೊನೆ ಮಾತ್ರ ನೋಡ್ಲೇಬೇಕು, ಕಣ್ಣಲ್ಲಿ ನೀರ್ ಬಂದ್ಬುಡ್ತು."

ಎಳೆದಿದ್ದಾರೆ ಎಂಬುದನ್ನು ಬಿಟ್ಟು ಉಳಿದದ್ದನ್ನು ಹೇಳಿ ಎಂದು ಬೇಡಿಕೊಂಡೆ.

"ಅಂಗಾಗಕಿಲ್ಲ ಸಾ. ನನ್ ಮಾತ್ ನಂಬ್ಕಂಡು ಕೆಲ್ಸ ಬಿಟ್ಟು ಬತ್ತಾರೆ. ಇದ್ದುದ್ನ ಇದ್ದಂಗೆ ಏಳ್ತೀನಿ."

ಹಾಗೆಯೇ ಹೇಳಿದರು. ಶನಿವಾರ ಹಾಲ್ ಖಾಲಿ ಹೊಡೆಯಿತು. ಭಾನುವಾರ ಮ್ಯಾಟಿನಿಗೆ ಜನ ಬಂದರು, ಬರುತ್ತಲೇ ಇದ್ದರು. ನಡುವೆ ಸ್ವಲ್ಪ ಎಳೆಯುತ್ತದಂತೆ, ಆದರೂ ಕೊನೆ ನೋಡಬೇಕಂತೆ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ಟಿಕೆಟ್ ಕೊಳ್ಳುತ್ತಿದ್ದರು. ಹೌಸ್‌ಫುಲ್ ಬೋರ್ಡಿನ ಧೂಳು ಒರೆಸಿ ಗೇಟಿಗೆ ತೂಗುಹಾಕಿದವರು ಶಿವಣ್ಣನವರೇ. ಸಂತೋಷಕ್ಕೆ ಇಬ್ಬರೂ ಅಲ್ಲಿಂದ ಕದಲದೆ ನಿಂತುಬಿಟ್ಟೆವು.

ಅದಾದ ಮೇಲೆ ದೊಡ್ಡ ನಟರೊಬ್ಬರ ಸಿನಿಮಾ ತಂದೆವು. ಮಾದೇವಮ್ಮ ನೋಡಿ ಬಂದು, ಬೇಡ ಎಂದರು. ಎರಡೇ ದಿನಕ್ಕೆ ಹೆಂಗಸರ ಕಡೆ ಸೀಟುಗಳೆಲ್ಲ ಖಾಲಿ. ಊರಿನ ಬಾಯಿಗೆ ನೀನೇ ಮೈಕ್ ಕೊಟ್ಟೆ ಎಂದು ಮಾಲೀಕರು ನನ್ನನ್ನು ಬೈದರು. ನನಗೆ ಮಾತ್ರ ಅವತ್ತೇ ವಿಷಯ ಪೂರ್ತಿ ಅರ್ಥವಾದದ್ದು. ಅವರ 'ಬೇಡ'ಕ್ಕೆ ಬೆಲೆಯಿದ್ದುದರಿಂದಲೇ ಅವರ 'ನೋಡಿ'ಗೂ ಬೆಲೆಯಿತ್ತು.

ನಿವೃತ್ತನಾಗುವವರೆಗೂ, ಯಾವ ಹೊಸ ಊರಿಗೆ ಹೋದರೂ ಪೋಸ್ಟರ್ ಅಂಟಿಸುವ ಮೊದಲು ನಾನು ವಿಚಾರಿಸುತ್ತಿದ್ದದ್ದು ಒಂದೇ: ಸಿನಿಮಾ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಹೇಳುವವರು ಇಲ್ಲಿ ಯಾರಿದ್ದಾರೆ?