ತಂಗಿ ಓಡಿದ ದೃಶ್ಯ

ಅಮೆರಿಕದ ಕ್ಯಾಂಪ್‌ಬೆಲ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ತೊಂಬತ್ತು ದಾಟಿದ ಅಮೆರಿಕನ್ ಅಜ್ಜಿಯೊಬ್ಬರಿದ್ದರು. ಹರೆಯದಲ್ಲಿ ಹಾಲಿವುಡ್‌ನಲ್ಲಿ ನಟಿ. ದೊಡ್ಡ ನಟಿಯೇನಲ್ಲ, ಅಗ್ಗದ ಕಪ್ಪು-ಬಿಳುಪು ಅಪರಾಧ ಚಿತ್ರಗಳಲ್ಲಿ ನಾಯಕನನ್ನು ಬಲೆಗೆ ಕೆಡವಿ, ಕೊನೆಗೆ ತಾನೂ ಸಾಯುವ ಹೆಣ್ಣು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅವ್ವ ಬಿಸಿಲು ಕಾಯಲು ಅಂಗಳಕ್ಕಿಳಿದು ಅವರ ಸ್ನೇಹ ಮಾಡಿಕೊಂಡಳು. ಅವ್ವನಿಗೆ ಇಂಗ್ಲಿಷ್ ಬಾರದು. ಸಂಜೆ ಆಫೀಸಿನಿಂದ ಬಂದು ನಾನು ಇಬ್ಬರ ಮಾತನ್ನೂ ಅತ್ತಿತ್ತ ದಾಟಿಸುತ್ತಿದ್ದೆ.

ಅಜ್ಜಿಯ ಕತೆಗಳಲ್ಲಿ ವೈಭವವಿರಲಿಲ್ಲ. ಸೆಟ್ಟು ಹಾಕಲು ಗತಿಯಿಲ್ಲದೆ ದೀಪ ಕಡಿಮೆ ಮಾಡಿ ಹರಕು ಗೋಡೆಗಳನ್ನು ಕತ್ತಲಲ್ಲಿ ಮುಚ್ಚುತ್ತಿದ್ದರಂತೆ. ಒಂದೇ ಕೋಟನ್ನು, ಗುಂಡು ಬಿದ್ದ ತೂತು ಹೊಲಿದು, ಚಿತ್ರದಿಂದ ಚಿತ್ರಕ್ಕೆ ಹಾಕಿಕೊಂಡರಂತೆ. “ಸಾಯೋದು ಸುಲಭ,” ಎಂದು ನಗುತ್ತಿದ್ದರು. “ಆಮೇಲೆ ತಣ್ಣಗಿರೋ ನೆಲದ ಮೇಲೆ ಉಸಿರು ಬಿಡದೆ ಬಿದ್ದಿರೋದೇ ಕಷ್ಟ.”

ಒಂದು ದಿನ ಬರ್ಕ್ಲಿಯ ಚಿತ್ರಮಂದಿರವೊಂದರಿಂದ ಅಜ್ಜಿಗೆ ಫೋನು ಬಂತು. ಅವರ ಚಿತ್ರವೊಂದರ ಹಳೆಯ ಪ್ರತಿ ಸಿಕ್ಕಿದೆ, ತೋರಿಸುತ್ತೇವೆ, ಬನ್ನಿ ಎಂದು. ಅಜ್ಜಿ ಒಲ್ಲೆ ಎಂದರು. ಯಾಕೆಂದು ಕೇಳಿದೆ. ಆಗ ಆ ಕತೆ ಹೇಳಿದರು.

ಆ ಚಿತ್ರದ ಕೊನೆಯಲ್ಲಿ ಹೆಣ್ಣು ಬಂದರಿನ ಕಟ್ಟೆಯ ಮೇಲೆ ಓಡಿ ನೀರಿಗೆ ಹಾರಬೇಕು. ಅಜ್ಜಿಗೆ ಈಜು ಬಾರದು. ಬದಲಿ ನಟಿಯನ್ನು ಕರೆಸುವ ಶಕ್ತಿ ನಿರ್ಮಾಪಕನಿಗಿರಲಿಲ್ಲ. ಶೂಟಿಂಗ್ ನೋಡಲು ಬಂದಿದ್ದ ತಂಗಿ, “ನಾನು ಹಾರ್ತೀನಿ,” ಎಂದು ಅಕ್ಕನ ಕೋಟು ತೊಟ್ಟಳು. ಓಡಿದಳು, ಹಾರಿದಳು, ಗಡಗಡ ನಡುಗುತ್ತ ನಗುತ್ತ ಮೇಲೆ ಬಂದಳು. ಚಿತ್ರ ತೆರೆಗೆ ಬರುವ ಮೊದಲೇ ಪೋಲಿಯೋ ತಗಲಿ ತೀರಿಕೊಂಡಳು. ಆಗ ಚಿತ್ರ ನೋಡುವ ಧೈರ್ಯ ಅಕ್ಕನಿಗಾಗಲಿಲ್ಲ. ಆಮೇಲೆ ಅದು ಎಲ್ಲೂ ಸಿಗಲಿಲ್ಲ.

ಅವ್ವನಿಗೆ ಹೇಳಿದೆ. “ತಂಗಿನ್ನ ನೋಡಾಕ ಸಿಗತೈತಿ ಅಂದ್ರ ಯಾರರ ಒಲ್ಲೆ ಅಂತಾರೇನು?” ಎಂದಳು. “ನಾನೂ ಬರ್ತೀನಂತ ಅವರಿಗೆ ಹೇಳು.”

ಅದನ್ನು ದಾಟಿಸಿದಾಗ ಅಜ್ಜಿ ಒಪ್ಪಿದರು. ಭಾನುವಾರ ಮಧ್ಯಾಹ್ನ ಮೂವರೂ ಹೋದೆವು. ತೆರೆಯ ಮೇಲೆ ತಮ್ಮದೇ ಹರೆಯದ ಮುಖ ಕಂಡಾಗ ಅಜ್ಜಿ ಅಲುಗಲಿಲ್ಲ. ಬಂದರಿನ ದೃಶ್ಯ ಬಂದಾಗ ನನ್ನ ಮೊಣಕೈ ಹಿಡಿದರು. ಹುಡುಗಿ ಬೆನ್ನು ತೋರಿಸಿ ಓಡುತ್ತಿದ್ದಳು. ಹಾರುವ ಮುನ್ನ ಒಂದೇ ಗಳಿಗೆ ಹಿಂದಕ್ಕೆ ತಿರುಗಿದಳು. ಮುಖ ಸ್ಪಷ್ಟವಾಗಿ ಕಂಡಿತು.

“ತಿರುಗಬೇಡ ಅಂತ ಅಷ್ಟು ಹೇಳಿದ್ರೂ...” ಎಂದರು ಅಜ್ಜಿ, ಅಳುತ್ತ. ಮತ್ತೆ ಚಿತ್ರೀಕರಿಸಲು ರೀಲಿಲ್ಲದೆ ಹಾಗೆಯೇ ಉಳಿಸಿಕೊಂಡಿದ್ದರಂತೆ. ಅವ್ವ ಸದ್ದಿಲ್ಲದೆ ತನ್ನ ಸೆರಗು ಅವರ ಕೈಗಿತ್ತಳು.

ದೀಪ ಹತ್ತಿದ ಮೇಲೆ ಪ್ರೇಕ್ಷಕರೊಬ್ಬರು, “ಹಾರುವಾಗ ಭಯ ಆಗಲಿಲ್ವಾ ನಿಮಗೆ?” ಎಂದು ಕೇಳಿದರು. ಅಜ್ಜಿ ನನ್ನ ಭುಜ ಹಿಡಿದು ಎದ್ದು ನಿಂತರು. “ಹಾರಿದ್ದು ನಾನಲ್ಲ, ನನ್ನ ತಂಗಿ.” ಅವಳ ಪೂರ್ತಿ ಹೆಸರು ಹೇಳಿದರು. ಹಿಂದಿನ ಸಾಲಿಗೂ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಜನ ಎದ್ದು ಚಪ್ಪಾಳೆ ತಟ್ಟಿದರು.

ಮನೆಗೆ ಮರಳುವಾಗ ಹೆದ್ದಾರಿಯಲ್ಲಿ ಟ್ರಾಫಿಕ್ಕು. ಹಿಂದಿನ ಸೀಟಿನಿಂದ ಅಜ್ಜಿ, ನಿನ್ನ ತಾಯಿಗೆ ತಂಗಿಯರಿದ್ದಾರಾ ಎಂದು ಕೇಳಿದರು. ಅವ್ವನಿಗೆ ಮೂವರು. ಕ್ಯಾಂಪ್‌ಬೆಲ್ ಬಂದರೂ ಅವ್ವ ಹೇಳುತ್ತಿದ್ದ ಎರಡನೆಯವಳ ಮದುವೆಯ ಕತೆ ಮುಗಿದಿರಲಿಲ್ಲ.