ಪ್ಲಾಟಿನ ಕಲ್ಲು ಪಾಂಡವರಾದ ದಿನ

1979ನೆಯ ವರ್ಷ. ಎಳ್ಳ ಅಮಾವಾಸ್ಯೆಗೆ ಇನ್ನು ಎರಡೇ ದಿನ ಇತ್ತು. ಕುಷ್ಟಗಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಬಸ್ ಕಂಡಕ್ಟರ್ ಆಗಿದ್ದ ನಮ್ಮ ಯಜಮಾನರು ಹೆಗಲ ಮೇಲಿನ ಚರ್ಮದ ಚೀಲವನ್ನೂ ಇಳಿಸದೆ ನನ್ನ ಮುಂದೆ ಬಂದು ನಿಂತರು.

"ಕೇಳಿಲ್ಲೆ, ಇನ್ನ ಬಾಡಿಗಿ ಮನಿ ಸಾಕು. ಪ್ಲಾಟು ಸಿಕ್ಕತು. ಅಮಾಸಿ ಮರುದಿನ ಇಸಾರ ಕೊಡೂದು," ಎಂದರು. ಇಸಾರ ಅಂದರೆ ಮುಂಗಡ.

ಸಂತೋಷ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷಗಳಲ್ಲಿ ಐದು ಮನೆ ಬದಲಾಯಿಸಿದ್ದೆವು. ಆಗ ಇದ್ದ ಮನೆಯ ಮಾಲೀಕರ ಹೆಂಡತಿ ನಾನು ಬಾವಿಯಿಂದ ಎಷ್ಟು ಕೊಡ ನೀರು ಸೇದುತ್ತೇನೆಂದು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಆದರೆ ಯಜಮಾನರ ಕಣ್ಣು ನನ್ನ ಕೈಯಲ್ಲಿದ್ದ ಪಾಟ್ಲಿಗಳ ಮೇಲೆ ಇತ್ತು. ಅವು ನನ್ನ ತಾಯಿ ಬೇವೂರಿನ ಕಡೆ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ, ಕೂಲಿ ಕೂಡಿಟ್ಟು ನನ್ನ ಮದುವೆಗೆ ಮಾಡಿಸಿದ ಬಂಗಾರದ ಬಳೆಗಳು. ನಮ್ಮ ಮನೆಯಲ್ಲಿ ಬಂಗಾರ ಎಂದು ಇದ್ದದ್ದು ಅಷ್ಟೇ.

"ಕಾಗದಾ ನೋಡಿದ್ರೇನು?" ಎಂದು ಕೇಳಿದೆ.

"ಪಹಣಿ ನೋಡೇನಿ. ಒಂದ ಹೆಸರೈತಿ, ಮಾರಾಂವ ಈರಪ್ಪಂದು. ದಿನಾ ನೂರಾರು ಮಂದಿ ಮುಖಾ ನೋಡಾಂವ ನಾನು. ಮಂದಿ ಗುರ್ತು ಹಿಡಿಯೂದು ನೀ ನನಗ ಕಲಸಬ್ಯಾಡ."

"ಟಿಕೆಟ್ ಹರಿಯೂಕಿಂತ ಮೊದಲ ನೀವು ಎಲ್ಲಿಗೆ ಅಂತ ಕೇಳೂದಿಲ್ಲೇನು? ಹಂಗ ನಾನೂ ಕೇಳತೇನಿ. ಜಾಗಾ ಎಲ್ಲೈತಿ? ಕಣ್ಣಿಲೆ ನೋಡಲಾರದ ಪಾಟ್ಲಿ ಬಿಚ್ಚೂದಿಲ್ಲ."

"ಬಾ ತಾಯಿ, ಬಂದು ನೋಡು," ಎಂದು ಕೈಮುಗಿದು ಒಳಗೆ ಹೋದರು.

ಅವರಿಗೆ ರಜೆ ಇದ್ದದ್ದು ಅಮಾವಾಸ್ಯೆಯ ದಿನ. ಆ ದಿನ ನಮ್ಮ ಕಡೆ ಹೊಲ ಇದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ, ಬನ್ನಿ ಗಿಡದ ಕೆಳಗೆ ಕೂರಿಸಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಹೊಲದ ಸುತ್ತ ತಿರುಗಿ ಭೂಮಿತಾಯಿಗೆ ಎಡೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ನಮಗೆ ಹೊಲವಿರಲಿಲ್ಲ. ಆದರೂ ನಮ್ಮದಾಗಲಿರುವ ಜಾಗಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ನಾಲ್ಕು ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಒಂದಿಷ್ಟು ಕಡಬು ಕಟ್ಟಿಕೊಂಡೆ. ಹುಲಿಗೆಮ್ಮ ದೇವಿಯನ್ನು ನೆನೆದು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟೆ.

ಜಾಗ ಊರ ಹೊರಗೆ, ಯಲಬುರ್ಗಾ ರಸ್ತೆಗೆ ಹೊಂದಿಕೊಂಡಿತ್ತು. ಹಿಂದೆಲ್ಲ ಎದೆಮಟ್ಟದ ಬಿಳಿಜೋಳ. ರಸ್ತೆಯ ಬದಿಗೆ ಮಾತ್ರ ಬಿತ್ತದೆ ಬಿಟ್ಟ ಉದ್ದನೆಯ ಪಟ್ಟಿ. ಅಲ್ಲಿ ಈರಪ್ಪನವರು ಸುಣ್ಣ ಬಳಿದ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು. ನಮಗೆಂದು ಹೇಳಿದ್ದು ಏಳನೆಯದು. ಯಜಮಾನರು ಮೊದಲಿನಿಂದ ಎಣಿಸುತ್ತ ಹೋದರು, ವಾಪಸ್ ಎಣಿಸುತ್ತ ಬಂದರು. ಏಳನೆಯ ಪ್ಲಾಟಿನ ನಾಲ್ಕು ಮೂಲೆಗಳಲ್ಲೂ ನಂಬರಿನ ಕಲ್ಲು ನೆಡುವ ನಡುಜಾಗದಲ್ಲೂ ಕಲ್ಲುಗಳಿರಲಿಲ್ಲ, ಬರೀ ಕುಣಿಗಳಿದ್ದವು.

ಅಷ್ಟರಲ್ಲಿ ನನ್ನ ಕಣ್ಣು ಪಟ್ಟಿಯ ಅಂಚಿನಲ್ಲಿದ್ದ ಬನ್ನಿ ಗಿಡದ ಕೆಳಗೆ ಹೋಯಿತು. ಐದು ಕಲ್ಲುಗಳು ಸಾಲಾಗಿ ಕುಳಿತಿದ್ದವು. ಅರಿಶಿನ, ಕುಂಕುಮ, ಮುಂದೆ ಕಡಬಿನ ಎಡೆ. ಒಂದು ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಏಳರ ಅಂಕಿ ಕುಂಕುಮದ ನಡುವೆಯೂ ಕಾಣುತ್ತಿತ್ತು.

"ಹುಲಿಗ್ಯೋ, ಹುಲಿಗ್ಯೋ" ಎಂಬ ಚರಗದ ಕೂಗು ಜೋಳದ ಒಳಗಿನಿಂದ ಕೇಳಿಸಿತು. ಅರವತ್ತು ದಾಟಿದ ಒಬ್ಬ ಹೆಣ್ಣುಮಗಳು ಚರಗ ಚೆಲ್ಲುತ್ತ ಹೊರಗೆ ಬಂದರು. ಹಿಂದೆ ಅವರ ಮಗಳು ಚೊಂಬಿನಿಂದ ನೀರು ಚಿಮುಕಿಸುತ್ತ ಬಂದಳು. ಮುದುಕಿಯ ಹೆಸರು ನಾಗಮ್ಮ ಎಂದು ಆಮೇಲೆ ಗೊತ್ತಾಯಿತು.

"ಅಮ್ಮಾರ, ಇವು ಪ್ಲಾಟಿನ ಕಲ್ಲರಿ. ಕಿತ್ತವರು ಯಾರು?" ಎಂದು ಯಜಮಾನರು ಸ್ವಲ್ಪ ಬಿರುಸಾಗಿಯೇ ಕೇಳಿದರು.

"ನಾನ ಕಿತ್ತೇನಿ. ಸುಣ್ಣ ಹಚ್ಚಿದ ಕಲ್ಲು ನನ್ನ ಹೊಲದಾಗ ಸಿಕ್ಕವು. ಯಾರೋ ಪುಣ್ಯಾತ್ಮರು ಮುದುಕಿ ಕೆಲಸ ಹಗುರ ಮಾಡ್ಯಾರ ಅಂತ ತಂದು ಕುಂದ್ರಿಸಿದೆ. ಪೂಜಿ ಆಗೇತಿ. ಇನ್ನ ಅವರನ್ನ ಎಬ್ಬಸಾಕ ಬರೂದಿಲ್ಲಪಾ."

"ನಿಮ್ಮ ಹೊಲಾ?"

"ಮತ್ತ ಯಾರದು? ಜ್ವಾಳದ ನಡುವಿನ ಬದುವಿನಿಂದ ರಸ್ತೆಮಟ ನಂದು. ಹಿಂದಿಂದು ನನ್ನ ಮೈದುನ ಈರಪ್ಪಂದು."

ಯಜಮಾನರು ಆ ಕಲ್ಲುಗಳ ಕಡೆ ಒಮ್ಮೆ, ಹಿಂದಿನ ಹೊಲದ ಕಡೆ ಒಮ್ಮೆ ನೋಡಿದರು. "ಪಹಣ್ಯಾಗ ನಿಮ್ಮ ಹೆಸರಿಲ್ಲಲ್ಲರಿ," ಎಂದರು.

"ಹೆಸರು ಬರಸಾಕ ನನಗೆಲ್ಲಿ ಬರತೈತಿ? ನನ್ನ ಗಂಡ ಹ್ವಾದ ವರ್ಷನ ಮಾವನೂ ಹ್ವಾದ. ಕಚೇರಿಗೆ ಹೋಗಿ ತನ್ನ ಹೆಸರೊಂದ ಬರಸಿ ಬಂದಾಂವ ಮೈದುನ. ಹಿರೇರು ಇಲ್ಲೆ ಕುಂತು ಬಾಯಿಲೆ ಪಾಲು ಮಾಡಿ ಕೊಟ್ರು. ಹದಿನಾಕು ವರ್ಷ ಆತು, ನಾನ ಬಿತ್ತತೇನಿ, ನಾನ ಚರಗ ಚೆಲ್ಲತೇನಿ. ಈ ವರ್ಷ ರಸ್ತೆ ಕಡೆ ಬಿತ್ತಬ್ಯಾಡ ವೈನಿ, ಭೂಮಿಗೆ ಬಿಡುವು ಕೊಡು ಅಂದಿದ್ದ. ಬಿಡುವು ಯಾತಕ್ಕಂತ ಈಗ ತಿಳೀತು."

ಅವರು ಕೂಗಾಡಲಿಲ್ಲ. ನನ್ನ ಹತ್ತಿರ ಬಂದು ಕೈ ಹಿಡಿದರು. ಪಾಟ್ಲಿಯನ್ನು ಒಮ್ಮೆ ತಿರುಗಿಸಿ ನೋಡಿದರು. "ಇವನ್ನ ಕೊಡಾಕ ಹೊಂಟಿದ್ದೇನು ತಂಗಿ?"

ಹೌದೆಂದೆ.

"ಹಾಕ್ಕೊಂಡಿರು. ನನ್ನ ಹೆಬ್ಬೆಟ್ಟು ಇಲ್ಲದ ಈ ಮಣ್ಣು ಯಾರಿಗೂ ದಕ್ಕೂದಿಲ್ಲ. ನಾಳೆ ನಾ ಕೋರ್ಟಿಗೆ ಹೋದ್ರ ಬಡಪಾಯಿ ನೀವು ನಡುವ ಸಿಗತೀರಿ. ಈಗ ಕುಂದರ್ರಿ. ಚರಗದ ಹೊಲಕ್ಕ ಬಂದವರು ಉಪವಾಸ ಹೋಗಬಾರದು."

ಅವರಿಗೆ ಬೇಕಿದ್ದರೆ ಬೈದು ಅಟ್ಟಬಹುದಿತ್ತು. ಇಲ್ಲವೆ ಸುಮ್ಮನಿದ್ದು, ನಾವು ಹಣ ಕಳೆದುಕೊಳ್ಳುವುದನ್ನು ನೋಡಬಹುದಿತ್ತು. ಅದರ ಬದಲು ನಮ್ಮ ರೊಟ್ಟಿಯನ್ನೂ ಅವರ ರೊಟ್ಟಿಯನ್ನೂ ಒಂದೇ ಬಟ್ಟೆಯ ಮೇಲೆ ಹಾಕಿ ಬಡಿಸಿದರು. ಉಣ್ಣುತ್ತಲೇ ಇನ್ನೊಂದು ಮಾತು ಹೇಳಿದರು. "ನಿಮಗ ತೋರಿಸಿದ ಜಾಗಾ ಐತಲ್ಲ, ಅದು ತಗ್ಗು. ಮಳಿಗಾಲದಾಗ ಮೊಣಕಾಲಮಟ ನೀರು ನಿಂದರತೈತಿ. ಡಿಸೆಂಬರದಾಗ ಎಲ್ಲಾ ಭೂಮಿನೂ ಒಣಗಿದ್ದ ಕಾಣತೈತಿ." ಯಜಮಾನರು ತುತ್ತು ಕೈಯಲ್ಲಿ ಹಿಡಿದು ಆ ಏಳನೆಯ ಪ್ಲಾಟನ್ನೇ ನೋಡುತ್ತಿದ್ದರು.

ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಈರಪ್ಪನವರು ಮನೆಗೆ ಬಂದರು. ಚಹಾ ಕೊಟ್ಟೆ. ಅವರು ಕಪ್ಪು ಕೆಳಗಿಡುವವರೆಗೆ ಕಾಯ್ದು ಕೇಳಿದೆ, "ಅಣ್ಣಾರ, ಸಹಿಗೆ ನಿಮ್ಮ ವೈನ್ಯಾರು, ನಾಗಮ್ಮಾರು, ಯಾವಾಗ ಬರತಾರ?"

ಅವರು ನನ್ನನ್ನು ನೋಡದೆ ಯಜಮಾನರ ಕಡೆ ತಿರುಗಿ ನಕ್ಕರು. "ಹೆಣ್ಣಮಕ್ಕಳನ್ನ ಇಂಥಾದ್ರಾಗ ತರಬಾರದು ನೋಡ್ರಿ. ಪಹಣ್ಯಾಗ ಇರೂದು ನನ್ನ ಹೆಸರು."

ಯಜಮಾನರು ಸ್ವಾಭಿಮಾನಿ. ಮತ್ತೊಬ್ಬರ ಮುಂದೆ ಹೆಂಡತಿಯ ಮಾತು ಕೇಳಿದವರು ಅನ್ನಿಸಿಕೊಳ್ಳಲು ಒಪ್ಪುವವರಲ್ಲ. ಆದರೆ ಅವರು ಶಾಂತವಾಗಿ, "ಈರಪ್ಪಾರ, ಇಬ್ಬರು ಕುಂತ ಸೀಟಿಗೆ ಒಬ್ಬರ ಟಿಕೆಟ್ ಹರಿದ್ರ ಚೆಕಿಂಗಿನವರು ನನ್ನ ಬಿಡೂದಿಲ್ಲ. ವೈನ್ಯಾರನ್ನ ಕರಕೊಂಡು ಬರ್ರಿ, ಅವತ್ತ ಇಸಾರ ಕೊಡತೇನಿ," ಎಂದರು. ಈರಪ್ಪನವರು ಎದ್ದು ಹೋದರು. ನಾನು ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ.

ಅದೇ ಪಟ್ಟಿಯಲ್ಲಿ ಇಸಾರ ಕೊಟ್ಟ ಇನ್ನೊಬ್ಬರು ನಾಲ್ಕೈದು ವರ್ಷ ಕೋರ್ಟಿಗೆ ಅಲೆದರು. ನಾಗಮ್ಮನವರು ಹಿರಿಯರನ್ನು ಕೂಡಿಸಿ, ಬಾಯಿಮಾತಿನ ಪಾಲನ್ನು ಕಾಗದಕ್ಕೆ ಇಳಿಸಿ, ಪಹಣಿಯಲ್ಲಿ ತಮ್ಮ ಹೆಸರು ಬರೆಸಲು ಎರಡು ವರ್ಷ ಹಿಡಿಯಿತು. ನಾವು ಕಾದೆವು. ಬಾವಿಯ ಕೊಡ ಎಣಿಸುವವರ ಮನೆಯಲ್ಲೇ ಕಾದೆವು. ಹೊಲವನ್ನು ಮನೆ ಕಟ್ಟುವ ಜಾಗವೆಂದು ಬದಲಾಯಿಸಿದ ಸರಕಾರದ ಆದೇಶ ಬಂದ ಮೇಲೆ ನಾಗಮ್ಮನವರಿಂದಲೇ ಬನ್ನಿ ಗಿಡದ ಹತ್ತಿರದ ಎತ್ತರದ ಜಾಗ ಕೊಂಡೆವು. ಕಾಗದಕ್ಕೆ ಅವರೂ ಹೆಬ್ಬೆಟ್ಟು ಒತ್ತಿದರು, ಅವರ ಮಗಳೂ ಸಹಿ ಹಾಕಿದಳು. ಆಗ ಒಂದು ಜೊತೆ ಪಾಟ್ಲಿಯಲ್ಲಿ ಒಂದನ್ನು ಕೊಡಬೇಕಾಯಿತು. ಇನ್ನೊಂದು ಕೈಯಲ್ಲೇ ಉಳಿಯಿತು. ಅದೂ ದೇವಿಯ ದಯೆಯೇ.

ಅದಾಗಿ ಹತ್ತು ವರ್ಷ ಕಳೆದಿವೆ. ಈಗ ನಮ್ಮ ಓಣಿಯಲ್ಲಿ ಯಾರಾದರೂ ಪ್ಲಾಟು ಕೊಳ್ಳಲು ಹೊರಟರೆ ಅವರ ಮನೆಯ ಹೆಣ್ಣುಮಕ್ಕಳು ಮೊದಲು ನನ್ನ ಹತ್ತಿರ ಬರುತ್ತಾರೆ. ನನಗೆ ಕಾಯಿದೆ ತಿಳಿಯದು. ಕೇಳಬೇಕಾದ್ದು ಮಾತ್ರ ತಿಳಿದಿದೆ. ಪಹಣಿಯಲ್ಲಿ ಯಾರ ಹೆಸರಿದೆ ಎಂದು ಎಲ್ಲರೂ ನೋಡುತ್ತಾರೆ. ಯಾರ ಹೆಸರು ಬಿಟ್ಟುಹೋಗಿದೆ ಎಂದು ನೀವು ಕೇಳಿ. ತೀರಿಹೋದ ಅಣ್ಣನ ಹೆಂಡತಿ ಇದ್ದಾಳೆಯೇ, ಮದುವೆಯಾಗಿ ಹೋದ ಅಕ್ಕತಂಗಿಯರು ಇದ್ದಾರೆಯೇ ವಿಚಾರಿಸಿ. ಬಾಜು ಹೊಲದವರನ್ನು ಮಾತನಾಡಿಸದೆ ಬರಬೇಡಿ. ಅವರಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇರುವುದಿಲ್ಲ. ಹಿಂದೆ ಅದನ್ನು ಯಾರಿಗಾದರೂ ಬರೆದುಕೊಟ್ಟಿದ್ದಾರೆಯೇ, ಸಾಲಕ್ಕೆ ಒತ್ತೆ ಇಟ್ಟಿದ್ದಾರೆಯೇ ಎಂದು ನೋಂದಣಿ ಕಚೇರಿಯಲ್ಲಿ ತೆಗೆಸಿ ನೋಡಿ. ಮಳೆ ಬಂದ ಮರುದಿನ ಒಮ್ಮೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ಕಾಣಿರಿ. ದಾರಿ ಕಾಗದದಲ್ಲಿದೆಯೋ ಬರೀ ಮಾತಿನಲ್ಲಿದೆಯೋ ನೋಡಿ. ಬಾವಿಯ ನೀರನ್ನು ಬಾಯಿಗೆ ಹಾಕಿ ನೋಡಿ, ಸವಳಿದ್ದರೆ ಬೇಳೆ ಬೇಯುವುದಿಲ್ಲ. ಇಸಾರ ಇವತ್ತೇ ಬೇಕು ಎಂದು ಅವಸರ ಮಾಡುವವರಿಗೆ ಇನ್ನೊಂದು ಲೋಟ ಚಹಾ ಕೊಡಿ, ಹಣ ಕೊಡಬೇಡಿ.

ಯಜಮಾನರು ಈ ಕಥೆಯನ್ನು ಬಸ್ಸಿನಲ್ಲಿ ತಾವೇ ಕಂಡುಹಿಡಿದಂತೆ ಹೇಳುತ್ತಾರೆಂದು ಕೇಳಿದ್ದೇನೆ. ಹೇಳಲಿ ಬಿಡಿ.

ಆ ಐದು ಕಲ್ಲುಗಳು ಈಗಲೂ ನಮ್ಮ ಹಿತ್ತಲಿನ ಬನ್ನಿ ಗಿಡದ ಕೆಳಗಿವೆ. ಮನೆ ಕಟ್ಟುವಾಗ ಗೌಂಡಿಯವರು ಪಾಯಕ್ಕೆ ಹಾಕೋಣ ಅಂದರು, ನಾನು ಬಿಡಲಿಲ್ಲ. ನಾಡಿದ್ದು ಮತ್ತೆ ಎಳ್ಳ ಅಮಾವಾಸ್ಯೆ. ನಾಗಮ್ಮನವರಿಗೆ ಕಣ್ಣು ಮಂಜಾಗಿದೆ. ಆದರೂ ಮಗಳ ಕೈ ಹಿಡಿದು ಮೊದಲ ಎಡೆ ಇಡಲು ನಮ್ಮ ಹಿತ್ತಲಿಗೇ ಬರುತ್ತಾರೆ. ಮುಂಜಾನೆಯೇ ಮಗಳನ್ನು ಕಳಿಸಿ, "ಪಾಂಡವರಿಗೆ ಸುಣ್ಣಾ ಹಚ್ಚಿದೇನು ಅಂತ ಕೇಳು," ಎಂದಿದ್ದಾರೆ. ಸುಣ್ಣ ನಿನ್ನೆಯೇ ನೆನೆಹಾಕಿದ್ದೇನೆ. ಬಿಸಿಲು ಏರುವುದರೊಳಗೆ ಹಚ್ಚಿ ಬರಬೇಕು.